ಟಂಕಸಾಲೆಯ ತಪ್ಪು, ಚಿಲ್ಲರೆ ಡಬ್ಬಿಯ ಲಾಭ

1955ರ ಹೊತ್ತಿಗೆ ಅಮೆರಿಕದ ಕೆಲವು ಸಿಗರೇಟ್ ಯಂತ್ರಗಳಲ್ಲಿ ಒಂದು ಪ್ಯಾಕಿಗೆ 23 ಸೆಂಟ್ ಇತ್ತು. ಯಂತ್ರಕ್ಕೆ ಹಾಕುವುದು 25 ಸೆಂಟಿನ ನಾಣ್ಯ. ಉಳಿದ ಎರಡು ಸೆಂಟ್ ಚಿಲ್ಲರೆ ಕೊಡೋಕೆ ಯಂತ್ರಕ್ಕೆ ಬರುತ್ತಿರಲಿಲ್ಲ. ಅದಕ್ಕೆ ಪ್ಯಾಕಿನ ಮೇಲಿನ ಪಾರದರ್ಶಕ ಹಾಳೆಯೊಳಗೇ ಎರಡು ಪೆನ್ನಿ, ಅಂದರೆ ಒಂದು ಸೆಂಟಿನ ಎರಡು ನಾಣ್ಯ, ಸೇರಿಸಿ ಇಡುತ್ತಿದ್ದರು. ನ್ಯೂಯಾರ್ಕ್ ರಾಜ್ಯ ಮತ್ತು ಮ್ಯಾಸಚೂಸೆಟ್ಸ್ ಕಡೆ ಸಿಗರೇಟ್ ಕೊಂಡವರಿಗೆ ಹೀಗೆ ಕೆಲವು ವಿಚಿತ್ರ ಪೆನ್ನಿಗಳು ಸಿಕ್ಕವು. ಇಸವಿ, ಅಕ್ಷರ ಎಲ್ಲವೂ ಎರಡೆರಡು ಸಲ ಕಾಣುತ್ತಿದ್ದವು. ಕನ್ನಡಕ ಬದಲಿಸುವ ಕಾಲ ಬಂತೇನೋ ಅನ್ನಿಸುವಷ್ಟು ಸ್ಪಷ್ಟ ಡಬಲ್. ಇವತ್ತು ಸವೆದು ಹೋದ ಅಂಥದ್ದೊಂದು ಪೆನ್ನಿಗೂ ಸಾವಿರ ಡಾಲರಿನ ಆಸುಪಾಸು ಬೆಲೆಯಿದೆ.

ಚಿಲ್ಲರೆ ಕೆದಕಿ ಅಪರೂಪದ ಪೆನ್ನಿ ಹುಡುಕುವ ಹುಚ್ಚು ಅಮೆರಿಕದಲ್ಲಿ ನೂರು ವರ್ಷಕ್ಕೂ ಹಳೆಯದು. ಅದರ ಕಥೆ ಬಹುಪಾಲು ಟಂಕಸಾಲೆ ಮಾಡಿದ ತಪ್ಪುಗಳ ಕಥೆಯೇ.

ಶುರುವಾಗಿದ್ದು ಮಾತ್ರ ತಪ್ಪಿನಿಂದಲ್ಲ, ಜಗಳದಿಂದ. ಅಬ್ರಹಾಂ ಲಿಂಕನ್ ಹುಟ್ಟಿ ನೂರು ವರ್ಷವಾದ ನೆನಪಿಗೆ 1909ರ ಆಗಸ್ಟಿನಲ್ಲಿ ಅವರ ಮುಖವಿರುವ ಹೊಸ ಒಂದು ಸೆಂಟ್ ಬಂತು. ವಿನ್ಯಾಸ ಮಾಡಿದ ವಿಕ್ಟರ್ ಡೇವಿಡ್ ಬ್ರೆನ್ನರ್ ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನು, ವಿ.ಡಿ.ಬಿ. ಎಂದು, ಹಾಕಿದ್ದರು. ದೇಶದ ನಾಣ್ಯದಲ್ಲಿ ಕಲಾವಿದನ ಜಾಹೀರಾತು ಯಾಕೆ ಎಂದು ಗಲಾಟೆಯಾಯಿತು. ಕೆಲವೇ ದಿನಗಳಲ್ಲಿ ಅಕ್ಷರಗಳನ್ನು ತೆಗೆದುಹಾಕಿದರು. ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ ಅಂಥ 4,84,000 ನಾಣ್ಯ ಹೊಡೆದಾಗಿತ್ತು. ಇಸವಿ ಕೆಳಗೆ 'ಎಸ್' ಗುರುತು, ಹಿಂಬದಿಯಲ್ಲಿ ವಿ.ಡಿ.ಬಿ. ಎರಡೂ ಇರುವ ಆ ಪೆನ್ನಿ ಇವತ್ತಿಗೂ ಹುಡುಕುವವರ ದೊಡ್ಡ ಕನಸು. ಈ ಗುರುತು ಅಂದರೆ ಯಾವ ಟಂಕಸಾಲೆಯ ನಾಣ್ಯ ಅನ್ನುವುದಕ್ಕೆ ಸಾಕ್ಷಿ. ನಮ್ಮ ರೂಪಾಯಿಯಲ್ಲೂ ಇಸವಿ ಕೆಳಗೆ ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ ಇರುತ್ತಲ್ಲ, ಅದೇ ಲೆಕ್ಕ.

ಆದರೆ ಎಲ್ಲರ ಮನೆಗೂ ಈ ಹವ್ಯಾಸ ಹೊಕ್ಕಿದ್ದು 1930ರ ದಶಕದಲ್ಲಿ. ಆಗ ಮಹಾ ಆರ್ಥಿಕ ಕುಸಿತದ ಕಾಲ. ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನ ವಿಟ್‌ಮನ್ ಕಂಪನಿ ರಟ್ಟಿನ ಹಲಗೆಗಳನ್ನು ಮಾರತೊಡಗಿತು. ಅದರಲ್ಲಿ ಪ್ರತಿ ಇಸವಿಗೆ, ಪ್ರತಿ ಟಂಕಸಾಲೆಗೆ ಒಂದೊಂದು ತೂತು. ತೂತಿಗೆ ಸರಿಯಾದ ಪೆನ್ನಿ ಹುಡುಕಿ ಕೂರಿಸಬೇಕು. ಕೈಯಲ್ಲಿ ಕಾಸಿಲ್ಲದವರಿಗೂ ಆಗುವ ಆಟ ಇದು. ಬೇಡವಾದರೆ ತೂತಿನಿಂದ ಕಿತ್ತು ಬ್ರೆಡ್ ತರಬಹುದು, ನಷ್ಟ ಏನೂ ಇಲ್ಲ. ನನ್ನ ಪ್ರಕಾರ ಈ ಹವ್ಯಾಸ ಇಷ್ಟು ದಿನ ಬದುಕಿರುವುದಕ್ಕೆ ಇದೇ ಕಾರಣ.

ಇನ್ನು ತಪ್ಪುಗಳ ಸರದಿ. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಯಿತು. ಆ ವರ್ಷ ಪೆನ್ನಿಯನ್ನು ಸತು ಲೇಪಿಸಿದ ಉಕ್ಕಿನಲ್ಲಿ ಮಾಡಿದರು. ಹಿಂದಿನ ವರ್ಷದ ಕೆಲವು ತಾಮ್ರದ ಬಿಲ್ಲೆಗಳು ಎಲ್ಲೋ ಸಿಕ್ಕಿಕೊಂಡಿದ್ದು, ಉಕ್ಕಿನವುಗಳ ಜತೆ ಅಚ್ಚಿಗೆ ಹೋದವು. ಆ ನಾಣ್ಯ ತಂದುಕೊಟ್ಟವರಿಗೆ ಹೆನ್ರಿ ಫೋರ್ಡ್ ಹೊಸ ಕಾರು ಕೊಡುತ್ತಾರೆ ಅಂತ ಗಾಳಿಸುದ್ದಿ ಹಬ್ಬಿತು. ಅದು ಶುದ್ಧ ಸುಳ್ಳು. 1947ರಲ್ಲಿ ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡಿನ ಹುಡುಗನೊಬ್ಬನಿಗೆ ಶಾಲೆಯ ಕ್ಯಾಂಟೀನ್ ಚಿಲ್ಲರೆಯಲ್ಲಿ ಅಂಥದ್ದೊಂದು ಸಿಕ್ಕಿತು. ವಿಚಾರಿಸಿದ, ಕಾರೇನೂ ಸಿಗಲಿಲ್ಲ. ನಾಣ್ಯವನ್ನು ಜೀವನಪೂರ್ತಿ ಜೋಪಾನವಾಗಿಟ್ಟುಕೊಂಡ. 2019ರ ಹರಾಜಿನಲ್ಲಿ ಅದು 2,04,000 ಡಾಲರಿಗೆ ಹೋಯಿತು. ಇಲ್ಲಿ ಪರೀಕ್ಷೆ ಸುಲಭ: ಅಯಸ್ಕಾಂತಕ್ಕೆ ಅಂಟಿದರೆ ತಾಮ್ರ ಅಲ್ಲ. ತಾಮ್ರ ಬಳಿದ ಉಕ್ಕಿನ ಪೆನ್ನಿ ಮಾರುವವರು ಅಂದೂ ಇದ್ದರು, ಇಂದೂ ಇದ್ದಾರೆ.

1955ರ ಡಬಲ್ ಪೆನ್ನಿ ಬೇರೆ ಜಾತಿಯದು. ನಾಣ್ಯ ಹೊಡೆಯುವ ಉಕ್ಕಿನ ಅಚ್ಚು ಆಗೆಲ್ಲ ಒಂದೇ ಸಲಕ್ಕೆ ತಯಾರಾಗುತ್ತಿರಲಿಲ್ಲ. ಉಬ್ಬುಚಿತ್ರ ಇರುವ 'ಹಬ್' ಅನ್ನು ಅಚ್ಚಿನ ಮೇಲೆ ಜೋರಾಗಿ ಒತ್ತುತ್ತಿದ್ದರು. ಒತ್ತಿದಾಗ ಉಕ್ಕು ಗಡುಸಾಗುತ್ತದೆ. ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕು. ಎರಡನೇ ಸಲ ಅಚ್ಚು ಸ್ವಲ್ಪ ತಿರುಗಿ ಕೂತಿತೋ, ಅಕ್ಷರಗಳು ಎರಡೆರಡು ಮೂಡುತ್ತವೆ. ಆ ಅಚ್ಚಿನಿಂದ ಬರುವ ಪ್ರತಿ ನಾಣ್ಯದಲ್ಲೂ ಅದೇ ತಪ್ಪು. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಇದು ಕಣ್ಣಿಗೆ ಬೀಳುವ ಹೊತ್ತಿಗೆ ಸುಮಾರು 20,000ದಷ್ಟು ಡಬಲ್ ಪೆನ್ನಿಗಳು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ಇಡೀ ರಾಶಿ ಕರಗಿಸುವುದಕ್ಕಿಂತ ಹೊರಗೆ ಬಿಡುವುದೇ ವಾಸಿ ಅಂತ ಅಧಿಕಾರಿಗಳು ತೀರ್ಮಾನಿಸಿದರು. ಒಂದು ಸೆಂಟಿನ ನಾಣ್ಯಕ್ಕೆ ಇನ್ನೆಷ್ಟು ತಲೆ ಕೆಡಿಸಿಕೊಳ್ಳುವುದು, ಅಲ್ವಾ?

ಅಲ್ಲಿಂದ ಹುಡುಕಾಟದ ದಾರಿ ಬದಲಾಯಿತು. ಮೊದಲು ಇಸವಿ ಮತ್ತು ಗುರುತು ನೋಡಿದರೆ ಸಾಕಿತ್ತು. ಈಗ ಭೂತಗನ್ನಡಿ ಬೇಕಾಯಿತು.

ಸರ್ಕಾರಕ್ಕೆ ಇವರನ್ನು ಕಂಡರೆ ಅಷ್ಟಕ್ಕಷ್ಟೇ. 1964ರ ಸುಮಾರಿಗೆ ದೇಶದಲ್ಲಿ ಚಿಲ್ಲರೆ ಅಭಾವ ಬಂದಾಗ ಟಂಕಸಾಲೆಯ ನಿರ್ದೇಶಕಿ ಈವಾ ಆ್ಯಡಮ್ಸ್ ಸಂಗ್ರಾಹಕರ ಮೇಲೆ ಬೆರಳು ತೋರಿಸಿದರು. ಬೆಳ್ಳಿಯ ಬೆಲೆ ಏರಿದ್ದೂ ಒಂದು ಕಾರಣ, ನಾಣ್ಯ ನುಂಗುವ ಮಾರಾಟ ಯಂತ್ರಗಳು ಹೆಚ್ಚಿದ್ದೂ ಒಂದು ಕಾರಣ. ಆದರೂ ಬೈಸಿಕೊಂಡವರು ಹವ್ಯಾಸಿಗಳು. 1965ರಿಂದ 1967ರವರೆಗಿನ ನಾಣ್ಯಗಳಲ್ಲಿ ಟಂಕಸಾಲೆಯ ಗುರುತೇ ಇಲ್ಲ. ಗುರುತು ಇಲ್ಲದಿದ್ದರೆ ಹುಡುಕುವುದೇನು ಎಂಬ ಲೆಕ್ಕಾಚಾರ. 1968ರಲ್ಲಿ ಗುರುತು ವಾಪಸ್ ಬಂತು. ಮರುವರ್ಷವೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಇನ್ನೊಂದು ಡಬಲ್ ಪೆನ್ನಿ ಹೊರಬಿತ್ತು! ಅದೇ ಸಮಯಕ್ಕೆ ಇಬ್ಬರು ಖದೀಮರು 1969ರ ನಕಲಿ ಡಬಲ್ ಪೆನ್ನಿ ತಯಾರಿಸಿ ಸಿಕ್ಕಿಬಿದ್ದಿದ್ದರು. ನಕಲಿ ಹಣ ಹಿಡಿಯುವ ಸೀಕ್ರೆಟ್ ಸರ್ವಿಸ್‌ನವರು ಅಸಲಿ ನಾಣ್ಯಗಳನ್ನೂ ನಕಲಿ ಎಂದುಕೊಂಡು ಜಪ್ತಿ ಮಾಡಿದರು. ತಪ್ಪು ಮಾಡಿದ್ದು ಸರ್ಕಾರಿ ಟಂಕಸಾಲೆ, ಅನುಮಾನ ಬಂದಿದ್ದು ಜನರ ಮೇಲೆ.

1982 ಇನ್ನೊಂದು ತಿರುವು. ತಾಮ್ರ ದುಬಾರಿಯಾಯಿತೆಂದು ಆ ವರ್ಷ ನಡುವೆಯೇ ಲೋಹ ಬದಲಿಸಿದರು. ಮೊದಲು ಶೇ. 95 ತಾಮ್ರ, 3.11 ಗ್ರಾಂ. ಆಮೇಲೆ ಸತುವಿನ ಮೇಲೆ ತೆಳು ತಾಮ್ರದ ಲೇಪ, 2.5 ಗ್ರಾಂ. ಜತೆಗೆ ಇಸವಿಯ ಅಂಕಿ ದೊಡ್ಡದು, ಚಿಕ್ಕದು ಅಂತ ಎರಡು ಬಗೆ. ಡೆನ್ವರ್ ಟಂಕಸಾಲೆಯ ಗುರುತು ಇರುವುದು, ಇಲ್ಲದ್ದು ಬೇರೆ. ಹಾಗಾಗಿ ಅದೊಂದು ವರ್ಷಕ್ಕೇ ಏಳು ಬಗೆಯ ಪೆನ್ನಿ. ಭೂತಗನ್ನಡಿಯ ಪಕ್ಕಕ್ಕೆ ಚಿಕ್ಕ ತಕ್ಕಡಿಯೂ ಬಂತು. ಎಂಟನೆಯದು, ಡೆನ್ವರ್‌ನ ಚಿಕ್ಕ ಅಂಕಿಯ ತಾಮ್ರದ ಪೆನ್ನಿ, ಲೆಕ್ಕದ ಪ್ರಕಾರ ಇರಲೇಬಾರದು. 2016ರಲ್ಲಿ ಅದೂ ಸಿಕ್ಕಿತು, ತೂಕ ಹಾಕುತ್ತಾ ಕೂತವರಿಗೆ. ತಾಮ್ರದ ಬೆಲೆ ಏರಿ ಹಳೆ ಪೆನ್ನಿಯ ಲೋಹವೇ ಒಂದು ಸೆಂಟಿಗಿಂತ ಜಾಸ್ತಿ ಬಾಳತೊಡಗಿದಾಗ, 2006ರ ಕೊನೆಗೆ ಅದನ್ನು ಕರಗಿಸುವುದನ್ನು ಸರ್ಕಾರ ನಿಷೇಧಿಸಿತು. ಕರಗಿಸಿದರೆ ಐದು ವರ್ಷದವರೆಗೆ ಜೈಲು. ಕೂಡಿಡುವುದಕ್ಕೇನೂ ಅಡ್ಡಿಯಿಲ್ಲ.

1990ರ ದಶಕದಲ್ಲಿ ಒಂದೇ ಸಲಕ್ಕೆ ಒತ್ತಿ ಅಚ್ಚು ಮಾಡುವ ತಂತ್ರ ಬಂತು. 1955ರಂಥ ಕಣ್ಣಿಗೆ ರಾಚುವ ಡಬಲ್ ಬರುವ ಕಾಲ ಅಲ್ಲಿಗೆ ಮುಗಿಯಿತು. ಹುಡುಕುವವರು ಇನ್ನೂ ಸಣ್ಣದಕ್ಕೆ ಇಳಿದರು. ಹಿಂಬದಿಯಲ್ಲಿರುವ 'ಅಮೆರಿಕ' ಪದದ ಮೊದಲ ಎರಡು ಇಂಗ್ಲಿಷ್ ಅಕ್ಷರಗಳ ಬುಡ ನೋಡುತ್ತಾರೆ. 1993ರಿಂದ ಸಾಮಾನ್ಯ ಪೆನ್ನಿಗಳಲ್ಲಿ ಅವು ಹತ್ತಿರ ಹತ್ತಿರ ಇರಬೇಕು. 1998, 1999, 2000ರ ಕೆಲವು ನಾಣ್ಯಗಳಲ್ಲಿ ನಡುವೆ ಜಾಗ ಇದೆ. ಸಂಗ್ರಾಹಕರಿಗೆ ಮಾರುವ ನಾಣ್ಯದ ಅಚ್ಚನ್ನು ಸಾಮಾನ್ಯ ನಾಣ್ಯಕ್ಕೆ ಬಳಸಿಬಿಟ್ಟಿದ್ದರ ಫಲ ಅದು. 1999ರದ್ದು ಎಲ್ಲಕ್ಕಿಂತ ಅಪರೂಪ. 1992ರದ್ದಂತೂ ಉಲ್ಟಾ: ದೂರ ಇರಬೇಕಾದ ಅಕ್ಷರಗಳು ಹತ್ತಿರ ಬಂದರೆ ಅದೃಷ್ಟ.

ಈಗಿನ ವಿಡಿಯೊಗಳಲ್ಲಿ ಮಾತ್ರ ಕಂಡ ಕಂಡ ಪೆನ್ನಿಗೆಲ್ಲ ಲಕ್ಷ ಡಾಲರ್. ಹೊಡೆಯುವಾಗ ಅಚ್ಚು ಅಲುಗಿ ಅಂಚು ಚಪ್ಪಟೆಯಾಗಿ ಎರಡಾದಂತೆ ಕಾಣುವುದು ಮಾಮೂಲಿ. ಅದಕ್ಕೆ ಬೆಲೆ ಒಂದೇ ಸೆಂಟ್. ಹಳೇ ಐದು ರೂಪಾಯಿ ಇದ್ದರೆ ಲಕ್ಷಾಧಿಪತಿ ಅನ್ನುವ ಜಾಹೀರಾತು ನಮ್ಮಲ್ಲೂ ಓಡಾಡುತ್ತಲ್ಲ, ಅದೇ ಜಾತಿ. ತನ್ನ ಹೆಸರು ಹೇಳಿಕೊಂಡು ಹಳೆ ನೋಟು, ನಾಣ್ಯದ ವ್ಯಾಪಾರದಲ್ಲಿ ಕಮಿಷನ್ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಈ ಕಥೆಗೆ ಈಗ ಒಂದು ಬೇಲಿ ಬಿದ್ದಿದೆ. ಒಂದು ಪೆನ್ನಿ ಮಾಡಲು 3.69 ಸೆಂಟ್ ಖರ್ಚಾಗುತ್ತಿತ್ತು. 2025ರ ಫೆಬ್ರುವರಿಯಲ್ಲಿ ಅಧ್ಯಕ್ಷ ಟ್ರಂಪ್ ನಿಲ್ಲಿಸಿ ಅಂದರು. ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಪೆನ್ನಿ ಹೊಡೆಯುವುದು ನಿಂತಿತು. ಹಳೆಯವು ಚಲಾವಣೆಯಲ್ಲಿ ಇದ್ದೇ ಇವೆ, ಅಂದಾಜು 30,000 ಕೋಟಿ. ಬಹಳಷ್ಟು ಮನೆಗಳ ಜಾಡಿಯಲ್ಲಿ ಬಿದ್ದಿವೆ, ಅಲ್ಲಿ ನೆಲೆಸಿರುವ ನಮ್ಮವರ ಮನೆಗಳೂ ಸೇರಿ. ಹೊಸ ತಪ್ಪು ಇನ್ನು ಹುಟ್ಟುವುದಿಲ್ಲ, ಆಗಬೇಕಾದ ತಪ್ಪೆಲ್ಲ ಆಗಿಹೋಗಿದೆ. ಬ್ಯಾಂಕಿನಿಂದ 25 ಡಾಲರ್ ಕೊಟ್ಟು 2,500 ಪೆನ್ನಿಯ ಪೆಟ್ಟಿಗೆ ತಂದು ಕೆದಕುವವರಿಗೆ ಈಗ ಕೆಲವು ಕಡೆ ಪೆಟ್ಟಿಗೆಯೇ ಸಿಗುತ್ತಿಲ್ಲ.

ಕೊನೆಯವೆಂದು ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರ ಒಮೆಗಾದ ಗುರುತು ಹಾಕಿದ ನಾಣ್ಯಗಳ 232 ಸೆಟ್‌ಗಳನ್ನು ಟಂಕಸಾಲೆ ಹರಾಜಿಗೆ ಕೊಟ್ಟಿತು. ಸಿಗರೇಟ್ ಪ್ಯಾಕಿನಲ್ಲೋ ಕ್ಯಾಂಟೀನ್ ಚಿಲ್ಲರೆಯಲ್ಲೋ ಸಿಗುವ ಸರಕಲ್ಲ ಅದು. ಜಾಡಿ ಸುರಿದುಕೊಂಡು ಕೂತವರು ಈಗಲೂ ನೋಡುತ್ತಿರುವುದು 1982ರ ತೂಕವನ್ನು, 1999ರ ಅಕ್ಷರದ ಬುಡವನ್ನು.