ಅಟೆನ್ಯುಯೇಷನ್: ಕುಂದಿದ್ದು ಯಾವುದು?

ಹುಬ್ಬಳ್ಳಿಯ ಯಾವುದೇ ಸ್ಕ್ಯಾನಿಂಗ್ ಸೆಂಟರ್ ಎದುರು ಸ್ವಲ್ಪ ಹೊತ್ತು ನಿಲ್ಲಿ. ರಿಪೋರ್ಟ್ ಕೈಗೆ ಬಂದ ಕೂಡಲೇ ಮನೆಯವರು ಮೊಬೈಲ್ ತೆಗೆದು ಒಂದೊಂದೇ ಪದ ಹುಡುಕೋಕೆ ಶುರು ಮಾಡುತ್ತಾರೆ. ಲಿವರ್ ಪಕ್ಕದಲ್ಲಿ ‘ಲೋ ಅಟೆನ್ಯುಯೇಷನ್’ ಅಂತ ಇರುತ್ತದೆ. ಡಿಕ್ಷನರಿ ‘ದುರ್ಬಲಗೊಳ್ಳುವಿಕೆ’ ಅನ್ನುತ್ತದೆ. ತಗೊಳ್ಳಿ, “ಅಪ್ಪಾರ ಲಿವರ್ ವೀಕ್ ಆಗೇತಂತ” ಎಂದು ಊರಿಗೆ ಫೋನ್ ಹೋಗಿಬಿಡುತ್ತದೆ.

ಆ ಸಾಲು ಹೇಳುವುದು ಎಕ್ಸ್-ರೇ ಕಿರಣದ ವಿಷಯ. ಕಿರಣ ಮೈಯೊಳಗೆ ಹಾದು ಹೋಗುವಾಗ ಎಲುಬು ಅದನ್ನು ಜಾಸ್ತಿ ತಡೆಯುತ್ತದೆ, ಮಾಂಸ ಕಡಿಮೆ, ಕೊಬ್ಬು ಇನ್ನೂ ಕಡಿಮೆ. ಸಿಟಿ ಸ್ಕ್ಯಾನ್ ಇದಕ್ಕೆ ನಂಬರ್ ಕೊಡುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಆಸುಪಾಸು. ಸಿಟಿ ಸ್ಕ್ಯಾನ್ ರೂಪಿಸಿದ ಹೌನ್ಸ್‌ಫೀಲ್ಡ್ ಅವರ ಹೆಸರಲ್ಲೇ ಈ ಅಳತೆ ಇದೆ. 1979ರಲ್ಲಿ ಅವರಿಗೆ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ಲಿವರ್‌ನಲ್ಲಿ ಕೊಬ್ಬು ಸೇರಿದರೆ ಕಿರಣ ಕಡಿಮೆ ಕುಂದುತ್ತದೆ, ನಂಬರ್ ಇಳಿಯುತ್ತದೆ. ನೀರು ತುಂಬಿದ ಗುಳ್ಳೆ ಇದ್ದರೂ ಹಾಗೇ. ಆ ಸಾಲಿನಲ್ಲಿ ಇರೋದು ಇಷ್ಟೇ. ಚಿಂತೆ ಮಾಡಬೇಕೋ ಬೇಡವೋ ಅನ್ನೋದನ್ನ ಡಾಕ್ಟರ್ ಹೇಳಬೇಕು, ಡಿಕ್ಷನರಿ ಅಲ್ಲ.

ಲ್ಯಾಟಿನ್‌ನಲ್ಲಿ ‘ಟೆನುಯಿಸ್’ ಅಂದರೆ ತೆಳು. ಅದರಿಂದ ಬಂದ ಅಟೆನ್ಯುಯೇಷನ್ ಅಂದರೆ ತೆಳುವಾಗುವುದು, ಕುಂದುವುದು. ಈ ಪದ ಎಲ್ಲಿ ಸಿಕ್ಕರೂ ಮೊದಲು ಕೇಳಬೇಕಾದ್ದು ಒಂದೇ: ಕುಂದಿದ್ದು ಯಾವುದು?

ಧಾರವಾಡದ ಕಡೆ ಮನೆಮನೆಗೆ ಇಂಟರ್‌ನೆಟ್‌ನ ಫೈಬರ್ (ಬೆಳಕು ಸಾಗಿಸುವ ಗಾಜಿನ ಎಳೆ) ಎಳೆಯುವ ಹುಡುಗರಿಗೆ ಇದು ದಿನದ ಮಾತು. ಆದರೆ ಅವರು ಅಷ್ಟು ಉದ್ದದ ಪದ ಬಳಸುವುದಿಲ್ಲ, ‘ಲಾಸ್’ ಅನ್ನುತ್ತಾರೆ. ಡಬ್ಬಿಯಲ್ಲಿ ಕೆಂಪು ದೀಪ ಹತ್ತಿತು ಅಂತ ಕರೆದರೆ, ಬಂದವನು ಕೇಬಲ್ ಬಿಚ್ಚಿ ಬೆಳಕಿನ ಬಲ ಅಳೆಯುವ ಪವರ್ ಮೀಟರ್‌ಗೆ ಸಿಕ್ಕಿಸುತ್ತಾನೆ. “ಮೈನಸ್ ಮೂವತ್ತು ತೋರಸಾಕತ್ತೇತ್ರಿ. ವೈರ್ ಎಲ್ಲೋ ಮಡಚೇತಿ ನೋಡ್ರಿ.” ಆಮೇಲೆ ಕಪಾಟಿನ ಹಿಂದೆ ಕೈ ಹಾಕಿ, ಒತ್ತಿ ಮಡಚಿಹೋದ ಜಾಗ ಹುಡುಕಿ ಸಡಿಲ ಮಾಡುತ್ತಾನೆ. ಮೀಟರ್ ಮೈನಸ್ 20ಕ್ಕೆ ಬರುತ್ತದೆ, ದೀಪ ಹಸಿರಾಗುತ್ತದೆ. ಬರೀ ಹತ್ತರ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ಆದರೆ ಇದು ಡೆಸಿಬೆಲ್, ಬಲ ಎಷ್ಟು ಪಟ್ಟು ಬದಲಾಯಿತು ಅಂತ ಹೇಳುವ ಲೆಕ್ಕ. ಅದರಲ್ಲಿ 10 ಅಂದರೆ ಹತ್ತು ಪಟ್ಟು. ಮಡಚಿದ ಆ ಒಂದು ಜಾಗದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳಕು ಹೊರಗೆ ಸೋರಿಹೋಗಿತ್ತು.

ಗಾಜಿನ ಎಳೆ ಮಾತ್ರ ಹೆಚ್ಚೇನೂ ನುಂಗುವುದಿಲ್ಲ. ಈಗಿನ ಒಳ್ಳೆ ಫೈಬರ್‌ನಲ್ಲಿ ಕಿಲೋಮೀಟರ್‌ಗೆ ಸುಮಾರು 0.2 ಡೆಸಿಬೆಲ್ ಲಾಸ್. 3 ಡೆಸಿಬೆಲ್ ಹೋದರೆ ಅರ್ಧ ಉಳಿಯುತ್ತದೆ, ಅಂದರೆ 15 ಕಿಲೋಮೀಟರ್ ದಾಟಿದರೂ ಅರ್ಧ ಬೆಳಕು ಇರುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವಿನ ದೂರ ಅದಕ್ಕೆ ದೊಡ್ಡದೇನಲ್ಲ. 1966ರಲ್ಲಿ ವಿಜ್ಞಾನಿ ಚಾರ್ಲ್ಸ್ ಕಾವ್, ಲಾಸ್ ಅನ್ನು ಕಿಲೋಮೀಟರ್‌ಗೆ 20 ಡೆಸಿಬೆಲ್‌ಗಿಂತ ಕೆಳಗೆ ಇಳಿಸಿದರೆ ಗಾಜಿನಲ್ಲಿ ಫೋನ್ ಮಾತು ಕಳಿಸಬಹುದು ಅಂದರು. ಅಂದರೆ ಒಂದು ಕಿಲೋಮೀಟರ್ ಆಚೆ ನೂರರಲ್ಲಿ ಒಂದು ಪಾಲು ಉಳಿದರೂ ಸಾಕು ಅಂತ! ಆಗಿನ ಗಾಜು ಅಷ್ಟನ್ನೂ ಉಳಿಸುತ್ತಿರಲಿಲ್ಲ. 1970ರಲ್ಲಿ ಕಾರ್ನಿಂಗ್ ಕಂಪನಿಯವರು ಅದನ್ನು 17ಕ್ಕೆ ಇಳಿಸಿದರು. ಕಾವ್‌ಗೆ 2009ರಲ್ಲಿ ನೊಬೆಲ್ ಬಂತು.

ಗಾಳಿಯಲ್ಲಿ ಹೋಗುವ ಅಲೆಗಳ ಕಥೆ ಬೇರೆ. ಜೋರು ಮಳೆಗೆ ಡಿಶ್ ಟಿವಿ ನಿಲ್ಲುವುದು ದಪ್ಪ ಹನಿಗಳು ಅಲೆಯನ್ನು ಹೀರಿ ಚದುರಿಸುವುದರಿಂದ. ಜಿಟಿಜಿಟಿ ಮಳೆ ಅಷ್ಟು ತೊಂದರೆ ಕೊಡುವುದಿಲ್ಲ. ರೇಡಿಯೋದಲ್ಲಿ ಮಳೆಯ ಮಾತಿಲ್ಲ, ಬಿಸಿಲಿನ ಮಾತಿದೆ. 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿಯಂಥ ಮೀಡಿಯಂ ವೇವ್ ಕೇಂದ್ರದಿಂದ ಮೇಲಕ್ಕೆ ಹೋಗುವ ಅಲೆಯನ್ನು ಹಗಲಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದ ಒಂದು ಪದರ ನುಂಗಿಹಾಕುತ್ತದೆ. ಆ ಪದರ ಬಿಸಿಲಿನಿಂದಲೇ ಆಗುವಂಥದ್ದು. ಕತ್ತಲಾದರೆ ಅದು ಕರಗುತ್ತದೆ, ಅಲೆ ಇನ್ನೂ ಮೇಲೆ ಹೋಗಿ ಬಾಗಿ ದೂರದ ಊರಿಗೆ ಇಳಿಯುತ್ತದೆ. ರಾತ್ರಿ ಟ್ರಾನ್ಸಿಸ್ಟರ್ ಮುಳ್ಳು ತಿರುಗಿಸಿದರೆ ಗುರುತೇ ಇಲ್ಲದ ಭಾಷೆಗಳು ಬರುತ್ತಿದ್ದದ್ದು ಇದಕ್ಕೇ.

ಧ್ವನಿ ಕುಂದುವುದನ್ನು ನೋಡೋಕೆ ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮೇ ಸಾಕು. ಬಯಲಲ್ಲಿ ದೂರ ದುಪ್ಪಟ್ಟಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 10 ಮೀಟರ್‌ನಿಂದ 1,280 ಮೀಟರ್ ಮುಟ್ಟುವಷ್ಟರಲ್ಲಿ ಏಳು ಸಲ ದುಪ್ಪಟ್ಟಾಗಿ 42 ಡೆಸಿಬೆಲ್ ಖೋತಾ. ಒಂದು ತುದಿಯಲ್ಲಿ ಒಂದೇ ಸ್ಪೀಕರ್ ಇಟ್ಟು ಕೂಗಿದರೆ ಇನ್ನೊಂದು ತುದಿಯವರ ರೈಲು ತಪ್ಪುವುದು ಗ್ಯಾರಂಟಿ. (ಕಟ್ಟುನಿಟ್ಟಿನ ಎಂಜಿನಿಯರ್‌ಗಳು ಹರಡಿ ಕುಂದುವುದನ್ನು ಬೇರೆ, ಗಾಳಿ ಹೀರಿ ಕುಂದುವುದನ್ನು ಬೇರೆ ಲೆಕ್ಕ ಹಾಕುತ್ತಾರೆ. ನಮಗೆ ಇಲ್ಲಿ ಅದು ಬೇಡ.)

ಇಷ್ಟರವರೆಗೆ ಕುಂದುವುದು ನಷ್ಟದ ಬಾಬತ್ತೇ. ಲಸಿಕೆಗೆ ಬಂದರೆ ಅದೇ ಲಾಭ. ಇಲ್ಲಿ ಬೇಕಂತಲೇ ರೋಗಾಣುವಿನ ಶಕ್ತಿ ಕುಂದಿಸುತ್ತಾರೆ. 1879ರಲ್ಲಿ ವಿಜ್ಞಾನಿ ಪಾಶ್ಚರ್ ಲ್ಯಾಬಿನಲ್ಲಿ ಕೋಳಿ ಕಾಲರಾದ ಹಳೆಯ ಕಲ್ಚರ್ (ಬೆಳೆಸಿಟ್ಟ ರೋಗಾಣು) ಚುಚ್ಚಿದಾಗ ಕೋಳಿಗಳು ಸಾಯಲಿಲ್ಲ, ಆಮೇಲೆ ತಾಜಾ ರೋಗಾಣು ಕೊಟ್ಟರೂ ತಡೆದುಕೊಂಡವು. ಕ್ಷಯ ತಡೆಯೋಕೆ ಮಕ್ಕಳಿಗೆ ಹುಟ್ಟಿದ ಕೂಡಲೇ ಹಾಕುವ ಬಿಸಿಜಿಯದ್ದು ಇನ್ನೂ ತಾಳ್ಮೆಯ ಕೆಲಸ. ಕಾಲ್ಮೆಟ್ ಮತ್ತು ಗೆರಾನ್ ಎಂಬ ವಿಜ್ಞಾನಿಗಳು 1908ರಿಂದ 1921ರವರೆಗೆ ದನದ ಕ್ಷಯದ ರೋಗಾಣುವನ್ನು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ ಸುಮಾರು 230 ಸಲ ಮತ್ತೆ ಮತ್ತೆ ಬೆಳೆಸಿದರು. ಕೊನೆಗೆ ಅದು ಬದುಕಿತ್ತು, ಆದರೆ ರೋಗ ತರುವ ಕಸುವು ಹೋಗಿತ್ತು. ಹಲ್ಲು ಕಿತ್ತ ಹಾವು.

ಹಾವೇರಿ, ಗದಗ ಕಡೆ 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ಹಾಕಿದ್ದು ಇಂಥದ್ದೇ ಲಸಿಕೆ. ಅದು ಮೇಕೆ ಸಿಡುಬಿನ ಲಸಿಕೆ. ಎರಡೂ ವೈರಸ್ ಒಂದೇ ಬಳಗದವು, ಹಾಗಾಗಿ ಒಂದಕ್ಕೆ ಕಲಿತ ಮೈ ಇನ್ನೊಂದನ್ನೂ ಗುರುತಿಸುತ್ತದೆ. “ಆಕಳಿಗೆ ಆಡಿನ ಔಷಧ ಯಾಕ್ರಿ?” ಅಂತ ಕೇಳುವವರಿಗೆ ಇದೇ ಉತ್ತರ. ಕಾಲುಬಾಯಿ ಬೇನೆಯ ಲಸಿಕೆ ಈ ಜಾತಿಯದ್ದಲ್ಲ, ಅದರಲ್ಲಿರುವುದು ಸತ್ತ ವೈರಸ್. ಕುಂದಿಸಿದ್ದಕ್ಕೂ ಕೊಂದದ್ದಕ್ಕೂ ಇರುವ ಈ ವ್ಯತ್ಯಾಸ ಮುಖ್ಯ. ಕುಂದಿಸಿದ್ದು ಮೈಯೊಳಗೆ ಸ್ವಲ್ಪ ಬೆಳೆಯುತ್ತದೆ. ಅದಕ್ಕೇ ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಿಗೆ ಅಂಥ ಲಸಿಕೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಉಳಿದವು ಸಣ್ಣಪುಟ್ಟವು. ಬಿಯರ್ ತಯಾರಿಸುವವರು ಅಟೆನ್ಯುಯೇಷನ್ 75 ಅಂದರೆ, ರಸದ ಸಾಂದ್ರತೆ ನೀರಿಗಿಂತ ಹೆಚ್ಚಿದ್ದದ್ದರಲ್ಲಿ ಎಷ್ಟು ಶೇಕಡಾ ಯೀಸ್ಟ್ ಸಕ್ಕರೆ ತಿಂದಂತೆ ಇಳಿಯಿತು ಅನ್ನುವ ಲೆಕ್ಕ. ಅದು ಏರಿದಷ್ಟೂ ಸಿಹಿ ಕಡಿಮೆ. ಕೃಷಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರು ಎಲೆಯೊಂದನ್ನು ‘ಅಟೆನ್ಯುಯೇಟ್’ ಅಂದರೆ ಅದಕ್ಕೆ ರೋಗ ತಗುಲಿದೆ ಅಂತಲ್ಲ. ಎಲೆ ತೊಟ್ಟಿನ ಕಡೆಗೋ ತುದಿಯ ಕಡೆಗೋ ಮೆಲ್ಲಗೆ ಕಿರಿದಾಗುತ್ತ ಹೋಗಿದೆ, ಅಷ್ಟೇ.