ಓದುಗರ ಪ್ರಶ್ನೆ: ಮುಂದಿನ ವರ್ಷ ಎಲ್ಲಿ ಎಷ್ಟು ತೈಲಬಾವಿ ಕೊರೆಯುತ್ತಾರೆಂದು ಮೊದಲೇ ಹೇಗೆ ಹೇಳುತ್ತಾರೆ?

ಪ್ರಶ್ನೆ: ಕೆನಡಾದಲ್ಲಿ ಚಳಿಗಾಲಕ್ಕೆ ಮುಂಚೆ, ಬರುವ ವರ್ಷ ಆಲ್ಬರ್ಟಾದಲ್ಲಿ ಇಷ್ಟು, ಸಸ್ಕ್ಯಾಚೆವಾನ್‌ನಲ್ಲಿ ಇಷ್ಟು ತೈಲ ಮತ್ತು ಅನಿಲದ ಬಾವಿಗಳನ್ನು ಕೊರೆಯುತ್ತಾರೆ ಎಂಬ ಅಂದಾಜು ಪ್ರಕಟವಾಗುತ್ತದೆ. ಕಚ್ಚಾ ತೈಲದ ಬೆಲೆ ನೋಡಿ ಈ ಲೆಕ್ಕ ಹಾಕುತ್ತಾರೆಯೇ? ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಕ್ಯಾಲ್ಗರಿಯಲ್ಲಿದ್ದ ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ರಿಗ್ (ಬಾವಿ ಕೊರೆಯುವ ಯಂತ್ರ) ಕೆಲಸಕ್ಕೆ ಸೇರಲೋ ಬೇಡವೋ ಎಂದು ತೂಗಿನೋಡುತ್ತಿದ್ದ ಹುಡುಗರು ಕೇಳಿದ್ದಾರೆ. ಮಗನ ನೌಕರಿ ಅಲ್ಲಿ ಉಳಿಯುತ್ತದೆಯೇ ಎಂದು ದಾವಣಗೆರೆಯಿಂದ ಫೋನ್ ಮಾಡಿದ ತಂದೆಯೊಬ್ಬರು ಕೇಳಿದ್ದಾರೆ. ಕೇಳಿದವರೆಲ್ಲರ ಮನಸ್ಸಿನಲ್ಲಿದ್ದ ಲೆಕ್ಕ ಒಂದೇ: ತೈಲದ ಬೆಲೆ ಏರಿದರೆ ಬಾವಿ ಹೆಚ್ಚು, ಇಳಿದರೆ ಕಡಿಮೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಅಷ್ಟನ್ನೇ ನಂಬಿಕೊಂಡು ಕೆಲಸ ಹುಡುಕಲು, ಸಾಲ ಮಾಡಿ ಲಾರಿ ಕೊಳ್ಳಲು ಹೊರಟವರು ಪೆಟ್ಟು ತಿಂದದ್ದನ್ನು ನೋಡಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ದೇಶಕ್ಕೆ ಒಟ್ಟು ಇಷ್ಟು ಬಾವಿ ಎಂದು ಮೊದಲು ನಿರ್ಧರಿಸಿ, ಆಮೇಲೆ ಅದನ್ನು ಪ್ರಾಂತ್ಯಗಳಿಗೆ ಹಂಚುವುದಿಲ್ಲ. ಕೆಲಸ ನಡೆಯುವುದು ಕೆಳಗಿನಿಂದ ಮೇಲಕ್ಕೆ. ಒಂದೊಂದು ಪ್ರದೇಶದ ಲೆಕ್ಕ ಬೇರೆ ಬೇರೆಯಾಗಿ ಆಗುತ್ತದೆ, ಕೊನೆಗೆ ಕೂಡಿಸುತ್ತಾರೆ. ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುವ ಆ ಒಟ್ಟು ಸಂಖ್ಯೆ ನಿಜವಾಗಿ ಹತ್ತಾರು ಸಣ್ಣ ಲೆಕ್ಕಗಳ ಮೊತ್ತ.

ಆ ಸಣ್ಣ ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಆಲ್ಬರ್ಟಾದ ಇಂಧನ ನಿಯಂತ್ರಣ ಸಂಸ್ಥೆ ಬಾವಿ ಕೊರೆಯಲು ಕೊಟ್ಟ ಪರವಾನಗಿಗಳ ಪಟ್ಟಿಯನ್ನು ದಿನವೂ ಪ್ರಕಟಿಸುತ್ತದೆ. ಯಾರು ಬೇಕಾದರೂ ಓದಬಹುದು. ಬೆಳಗಿನ ಕಾಫಿಯ ಜೊತೆ ಅದನ್ನು ಓದುವುದು ನನಗೆ ರೂಢಿಯಾಗಿತ್ತು. ಒಂದು ಸಾಲಿನಲ್ಲಿ ಕಂಪನಿಯ ಹೆಸರು, ಬಾವಿಯ ಉದ್ದೇಶ, ಅಂದಾಜು ಆಳ, ಜೊತೆಗೆ 06-12-063-05 ಪಶ್ಚಿಮ 6 ಎಂಬಂತಹ ಒಂದು ಸಂಖ್ಯೆ ಇರುತ್ತದೆ. ಮೊದಲ ಸಲ ನೋಡಿದವರಿಗೆ ಅದು ಫೋನ್ ನಂಬರಿನಂತೆ ಕಾಣುತ್ತದೆ. ಅದು ನೆಲದ ವಿಳಾಸ. ನಮ್ಮಲ್ಲಿ ಸರ್ವೆ ನಂಬರ್, ಹಿಸ್ಸಾ ಇದ್ದ ಹಾಗೆ. ಅದರಲ್ಲಿರುವ 063 ಎಂದರೆ ಅಮೆರಿಕದ ಗಡಿಯಿಂದ ಉತ್ತರಕ್ಕೆ ಆರಾರು ಮೈಲಿಯ ಪಟ್ಟಿಗಳನ್ನು ಎಣಿಸುತ್ತ ಹೋದರೆ ಸಿಗುವ ಅರವತ್ತಮೂರನೆಯ ಪಟ್ಟಿ. 05 ಎಂದರೆ ಆರನೆಯ ಮೆರಿಡಿಯನ್, ಅಂದರೆ ಉತ್ತರ-ದಕ್ಷಿಣವಾಗಿ ಎಳೆದ ಆಧಾರರೇಖೆಯಿಂದ ಪಶ್ಚಿಮಕ್ಕೆ ಐದನೆಯ ಪಟ್ಟಿ. ನಕ್ಷೆಯಲ್ಲಿ ಬೆರಳಿಟ್ಟರೆ ಗ್ರ್ಯಾಂಡ್ ಪ್ರೇರಿ ಪಟ್ಟಣದ ದಕ್ಷಿಣಕ್ಕಿರುವ ಕಾಕ್ವಾ ಎಂಬ ಕಾಡುಪ್ರದೇಶ ಸಿಗುತ್ತದೆ. ಅಲ್ಲಿ ಕೊರೆಯುವುದು ಮಾಂಟ್ನಿ ಎಂಬ ಶಿಲಾಸ್ತರಕ್ಕೆ.

ಆ ಸಾಲು ಕಣ್ಣಿಗೆ ಬಿದ್ದ ಕೂಡಲೇ ಅನುಭವಿಗಳು ಕಚ್ಚಾ ತೈಲದ ಬೆಲೆಯನ್ನು ನೋಡುವುದಿಲ್ಲ. ಅನಿಲದ ಬೆಲೆಯನ್ನೂ ಮೊದಲು ನೋಡುವುದಿಲ್ಲ. ಕಂಡೆನ್ಸೇಟ್ ಬೆಲೆ ಎಷ್ಟಿದೆ ಎಂದು ನೋಡುತ್ತಾರೆ. ಕಂಡೆನ್ಸೇಟ್ ಎಂದರೆ ಅನಿಲದ ಜೊತೆ ಮೇಲೆ ಬರುವ, ಪೆಟ್ರೋಲಿನಷ್ಟು ತೆಳುವಾದ ದ್ರವ. ಅಲ್ಲಿಂದ ಈಶಾನ್ಯಕ್ಕೆ, ಫೋರ್ಟ್ ಮ್ಯಾಕ್‌ಮರ‍್ರಿಯ ಕಡೆಯ ತೈಲಮರಳಿನಿಂದ ಸಿಗುವ ಬಿಟುಮೆನ್ ಕಾಕಂಬಿಯಷ್ಟು ಗಟ್ಟಿ. ಅದು ತಾನಾಗಿ ಕೊಳವೆಯಲ್ಲಿ ಹರಿಯುವುದಿಲ್ಲ. ಹರಿಯಲೆಂದು ಸಾಮಾನ್ಯವಾಗಿ ಕಂಡೆನ್ಸೇಟ್ ಬೆರೆಸಿ ತೆಳುವಾಗಿಸುತ್ತಾರೆ. ತೈಲಮರಳಿನ ಉತ್ಪಾದನೆ ನಡೆಯುವವರೆಗೂ ಕಂಡೆನ್ಸೇಟ್‌ಗೆ ಗಿರಾಕಿ ಇದ್ದೇ ಇರುತ್ತದೆ. 2024ರ ಬೇಸಗೆಯ ಕೊನೆಯಲ್ಲಿ ಆಲ್ಬರ್ಟಾದಲ್ಲಿ ಅನಿಲದ ಬೆಲೆ ಗಿಗಾಜೂಲ್ (ಅನಿಲ ಮಾರುವಾಗ ಬಳಸುವ ಅಳತೆ) ಒಂದಕ್ಕೆ ಒಂದು ಡಾಲರಿಗಿಂತ ಕೆಳಗೆ ಕುಸಿದಿತ್ತು. ಬರೀ ಅನಿಲ ಸಿಗುವ ಕಡೆ ರಿಗ್‌ಗಳು ಹಿಂದೆ ಸರಿದವು, ಕಂಡೆನ್ಸೇಟ್ ಸಿಗುವ ಕಡೆ ಕೊರೆತ ನಿಲ್ಲಲಿಲ್ಲ. ಎರಡೂ ಅನಿಲದ ಬಾವಿಗಳೇ, ಒಂದೇ ಪ್ರಾಂತ್ಯದವೇ. ಬೆಲೆ ಎಂಬ ಒಂದು ಪದದ ಹಿಂದೆ ಎಷ್ಟೆಲ್ಲ ಅಡಗಿದೆ ನೋಡಿ.

ಸಸ್ಕ್ಯಾಚೆವಾನ್‌ಗೆ ಬಂದರೆ ಲೆಕ್ಕವೇ ಬೇರೆ. ಕಿಂಡರ್ಸ್ಲಿ ಸುತ್ತಮುತ್ತಲ ವೈಕಿಂಗ್ ಸ್ತರ ಇರುವುದು ಸುಮಾರು 700 ಮೀಟರ್ ಆಳದಲ್ಲಿ. ಚಿಕ್ಕ ರಿಗ್ ಸಾಕು, ಎರಡು ಮೂರು ದಿನದಲ್ಲಿ ಬಾವಿ ಮುಗಿಯುತ್ತದೆ. ಕೊರೆಯುವವರಲ್ಲಿ ಸಣ್ಣ ಕಂಪನಿಗಳೇ ಹೆಚ್ಚು. ಗಾಳಿ ಬಂದಾಗ ತೂರಿಕೊಳ್ಳುವ ಜಾಯಮಾನ ಅವರದು: ಬೆಲೆ ಏರಿದ ಕೆಲವೇ ವಾರಗಳಲ್ಲಿ ರಿಗ್ ಕರೆಸುತ್ತಾರೆ, ಇಳಿದರೆ ಅಷ್ಟೇ ಬೇಗ ಕಳಿಸುತ್ತಾರೆ. ನೀವು ಕೇಳಿದ "ಬೆಲೆ ನೋಡಿ ಲೆಕ್ಕ" ಎಲ್ಲಾದರೂ ನೇರವಾಗಿ ನಡೆಯುವುದಿದ್ದರೆ ಅದು ಇಲ್ಲಿ.

ಮ್ಯಾನಿಟೋಬಾದಲ್ಲಿ ನೈರುತ್ಯದ ಒಂದು ಮೂಲೆ ಬಿಟ್ಟರೆ ಎಣಿಸಲು ಹೆಚ್ಚೇನೂ ಇಲ್ಲ. ಕ್ವಿಬೆಕ್ 2022ರಲ್ಲಿ ತೈಲ ಮತ್ತು ಅನಿಲದ ಹುಡುಕಾಟವನ್ನೇ ಕಾನೂನಿನಿಂದ ನಿಲ್ಲಿಸಿತು. ಅಲ್ಲಿ ಸೊನ್ನೆ ಬರೆದರಾಯಿತು.

ಪ್ರದೇಶ ಗೊತ್ತಾದ ಮೇಲೆ ಬರುವುದು ರಿಗ್‌ಗಳ ಲೆಕ್ಕ. ಹೊರಗಿನವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಒಂದು ವಲಯದಲ್ಲಿ 20 ರಿಗ್ ಇವೆ, ವರ್ಷಕ್ಕೆ 240 ದಿನ ಕೆಲಸ ಮಾಡುತ್ತವೆ, ಒಂದು ಬಾವಿಗೆ 16 ದಿನ ಹಿಡಿಯುತ್ತದೆ ಎಂದುಕೊಳ್ಳಿ. 300 ಬಾವಿಗಳಾಗುತ್ತವೆ. ಕೊರೆಯುವವರ ಕೈ ಪಳಗಿ, ಅದೇ ಬಾವಿ 12 ದಿನಕ್ಕೆ ಮುಗಿಯತೊಡಗಿತು ಎಂದರೆ 400. ರಿಗ್ ಒಂದೂ ಹೆಚ್ಚಲಿಲ್ಲ, ಒಬ್ಬ ಹೊಸ ಕೆಲಸಗಾರನನ್ನೂ ತೆಗೆದುಕೊಳ್ಳಲಿಲ್ಲ, ಬಾವಿ ಮಾತ್ರ ನೂರು ಹೆಚ್ಚಾಯಿತು. ಆದ್ದರಿಂದ ಬಾವಿಗಳ ಸಂಖ್ಯೆ ಏರುತ್ತದೆ ಎಂಬ ಸುದ್ದಿ ಓದಿ ಕೆಲಸವೂ ಏರುತ್ತದೆ ಎಂದುಕೊಳ್ಳಬಾರದು.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಬಾವಿ ಎಂದರೆ ಏನು? 2005 ಮತ್ತು 2006ರಲ್ಲಿ ಕೆನಡಾದಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾವಿಗಳನ್ನು ಕೊರೆದರು. ಅವುಗಳಲ್ಲಿ ದೊಡ್ಡ ಪಾಲು ಆಲ್ಬರ್ಟಾದ ಆಗ್ನೇಯದಲ್ಲಿ, ಮೆಡಿಸಿನ್ ಹ್ಯಾಟ್ ಕಡೆಯ ಬಯಲಿನಲ್ಲಿ, ಒಂದೆರಡು ದಿನಕ್ಕೆ ಮುಗಿಯುವ ಆಳವಿಲ್ಲದ ಅನಿಲ ಬಾವಿಗಳು. ಇಂದಿನ ಮಾಂಟ್ನಿ ಬಾವಿ ಕೆಳಕ್ಕೆ ಇಳಿದು, ಅಡ್ಡಕ್ಕೆ ತಿರುಗಿ, ಒಟ್ಟು ಐದಾರು ಕಿಲೋಮೀಟರ್ ಹೋಗುತ್ತದೆ. ಕ್ಲಿಯರ್‌ವಾಟರ್ ಸ್ತರದಲ್ಲಂತೂ ಒಂದೇ ಬಾಯಿಂದ ಇಳಿದು ಕೆಳಗೆ ಬೆರಳು ಬಿಡಿಸಿದಂತೆ ಎಂಟು ಕವಲು ಒಡೆಯುವ ಬಾವಿಗಳಿವೆ. ಪಟ್ಟಿಯಲ್ಲಿ ಅದೂ ಒಂದೇ ಬಾವಿ. ತೋಟದಲ್ಲಿ ಬೋರ್‌ವೆಲ್ ಕೊರೆಸಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾರಿಯವರು ಹಣ ಕೇಳುವುದು ಅಡಿಯ ಲೆಕ್ಕದಲ್ಲಿ, ಬಾವಿಯ ಲೆಕ್ಕದಲ್ಲಲ್ಲ. ಅಂದಾಜು ಓದುವಾಗ ಬಾವಿಗಳ ಸಂಖ್ಯೆಯ ಪಕ್ಕದಲ್ಲಿ ಒಟ್ಟು ಮೀಟರ್ ಕೊಟ್ಟಿದ್ದಾರೆಯೇ ಎಂದು ನಾನು ಮೊದಲು ಹುಡುಕುತ್ತೇನೆ.

ಮೇಲಿನ ಲೆಕ್ಕದಲ್ಲಿ 240 ದಿನ ಎಂದೆ. ವರ್ಷಕ್ಕೆ 365 ದಿನವಿರುವಾಗ ಉಳಿದವು ಎಲ್ಲಿ ಹೋದವು? ಕೆನಡಾದ ಅಂದಾಜಿನ ಜೀವಾಳವೇ ಈ ಪ್ರಶ್ನೆ. ಆಲ್ಬರ್ಟಾದ ಉತ್ತರ ಭಾಗದಲ್ಲಿ ಬಹಳಷ್ಟು ನೆಲ ಮಸ್ಕೆಗ್ ಎಂಬ ಜೌಗು. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಜಾಗ. ಡಿಸೆಂಬರ್ ಬಂದು ಅದು ಕಲ್ಲಾಗುವವರೆಗೂ ಕಾಯುತ್ತಾರೆ. ರಾತ್ರಿಯಲ್ಲಿ ಟ್ಯಾಂಕರ್‌ಗಳಿಂದ ನೀರು ಎರಚಿ, ಪದರದ ಮೇಲೆ ಪದರ ಹೆಪ್ಪುಗಟ್ಟಿಸಿ ರಸ್ತೆ ಮಾಡುತ್ತಾರೆ. ಆ ಮಂಜಿನ ರಸ್ತೆಯ ಮೇಲೆ ಬಿಡಿಬಿಡಿಯಾದ ರಿಗ್ ಹೊತ್ತ ಲಾರಿಗಳ ಸಾಲು ಹೋಗುವುದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಜನವರಿಯಲ್ಲಿ ಗ್ರ್ಯಾಂಡ್ ಪ್ರೇರಿಯ ಹೋಟೆಲ್‌ಗಳ ಮುಂದೆ ಪಿಕಪ್ ಗಾಡಿಗಳು ಕಿಕ್ಕಿರಿದಿರುತ್ತವೆ. ಎಂಜಿನ್ ಹೆಪ್ಪುಗಟ್ಟದಂತೆ ಕಾಯುವ ಹೀಟರಿನ ತಂತಿ ಪ್ರತಿ ಗಾಡಿಯ ಮೂತಿಯಿಂದ ಗೋಡೆಯ ಸಾಕೆಟ್‌ವರೆಗೆ ಜೋತುಬಿದ್ದಿರುತ್ತದೆ.

ಮಾರ್ಚ್ ನಡುವಿನ ಹೊತ್ತಿಗೆ ಒಂದು ದಿನ ಗಾಳಿ ಬೆಚ್ಚಗಾಗುತ್ತದೆ. ನೆಲ ಕರಗಲು ಶುರುವಾದರೆ ರಸ್ತೆ ಉಳಿಯಲಿ ಎಂದು ಲಾರಿಗಳ ಅಚ್ಚಿನ ಮೇಲಿನ ಭಾರಕ್ಕೆ ಮಿತಿ ಹಾಕುತ್ತಾರೆ: ಸಾಮಾನ್ಯ ಭಾರದ ಶೇ. 75, ಕೆಲವು ಕಡೆ ಶೇ. 50. ಅಷ್ಟು ಹಗುರಾಗಿ ರಿಗ್ ಸಾಗಿಸಲು ಆಗುವುದಿಲ್ಲ. ಇದಕ್ಕೆ ಅಲ್ಲಿ ಬ್ರೇಕ್‌ಅಪ್ ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ಚಳಿಗಾಲದಲ್ಲಿ ಇನ್ನೂರಕ್ಕೂ ಮೇಲಿದ್ದ ಕೆಲಸದ ರಿಗ್‌ಗಳು ಮೇ ಹೊತ್ತಿಗೆ ನೂರರ ಆಸುಪಾಸಿಗೆ ಇಳಿದದ್ದುಂಟು. ಒಂದು ರಿಗ್ ಅಂಗಳ ಸೇರಿತೆಂದರೆ ಇಪ್ಪತ್ತರ ಆಸುಪಾಸು ಜನ ಮನೆಗೆ ಹೋದರು ಎಂದರ್ಥ. ತೈಲದ ಬೆಲೆ ಆಗ ಎಷ್ಟೇ ಇರಲಿ, ಕೆಸರಿಗೆ ಅದು ಗೊತ್ತಾಗುವುದಿಲ್ಲ. ಚಳಿಗಾಲ ಎರಡು ವಾರ ಮೊದಲೇ ಮುಗಿದರೆ ಉತ್ತರದ ವಲಯಗಳ ಅಂದಾಜು ಅಷ್ಟರಮಟ್ಟಿಗೆ ಕೆಡುತ್ತದೆ.

ಕೊಳವೆಮಾರ್ಗಗಳದು ಇನ್ನೊಂದು ಕಥೆ. ತೆಗೆದ ತೈಲ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಜಗತ್ತಿನ ಬೆಲೆ ಕಟ್ಟಿಕೊಂಡು ಏನು ಮಾಡುವುದು? 2018ರ ಶರತ್ಕಾಲದಲ್ಲಿ ಆಲ್ಬರ್ಟಾದ ಭಾರವಾದ ತೈಲ ಬೆಲೆಗೆ ಅಳತೆಗೋಲಾದ ಅಮೆರಿಕದ ತೈಲಕ್ಕಿಂತ ಬ್ಯಾರಲ್‌ಗೆ 40 ಡಾಲರಿಗೂ ಹೆಚ್ಚು ಅಗ್ಗಕ್ಕೆ ಮಾರಾಟವಾಯಿತು. 2019ರ ಜನವರಿಯಿಂದ ಪ್ರಾಂತ್ಯ ಸರ್ಕಾರವೇ ಉತ್ಪಾದನೆಗೆ ಕಡಿವಾಣ ಹಾಕಬೇಕಾಯಿತು, ಬಾವಿಗಳೂ ಕುಗ್ಗಿದವು. ವಿಸ್ತರಿಸಿದ ಟ್ರಾನ್ಸ್ ಮೌಂಟನ್ ಮಾರ್ಗ 2024ರ ಮೇ 1ರಂದು ಶುರುವಾದಾಗ ಪೆಸಿಫಿಕ್ ಕಡಲಿನ ದಾರಿ ದಿನಕ್ಕೆ ಒಟ್ಟು 8,90,000 ಬ್ಯಾರಲ್‌ಗೆ ಹಿಗ್ಗಿತು, ಬೆಲೆಯ ಅಂತರ ತಗ್ಗಿತು. ಅನಿಲದ ವಿಷಯದಲ್ಲಿ ಇಷ್ಟು ಸಲೀಸಾಗಲಿಲ್ಲ. ಪೆಸಿಫಿಕ್ ತೀರದ ಕಿಟಿಮಾಟ್‌ನಿಂದ ದ್ರವೀಕೃತ ಅನಿಲದ ಮೊದಲ ಹಡಗು 2025ರ ಜೂನ್ ಕೊನೆಗೆ ಹೊರಟಿತು. ಅದನ್ನು ನಂಬಿ ಕಂಪನಿಗಳು ಮೊದಲೇ ಸಾಕಷ್ಟು ಕೊರೆದಿಟ್ಟಿದ್ದವು. ಆ ಬೇಸಗೆಯಲ್ಲಿ ಬೆಲೆ ಏಳಲೇ ಇಲ್ಲ.

ಲೆಕ್ಕದ ಪುಸ್ತಕದಲ್ಲಿ ಯಾರೂ ಬರೆದಿಟ್ಟಿರದ ಕಾರಣಗಳೂ ಇವೆ, ಅವುಗಳಲ್ಲಿ ನನಗೆ ತುಂಬ ಮುಖ್ಯವೆನಿಸಿದ್ದು ಬ್ಲೂಬೆರಿ ರಿವರ್ ಮೂಲನಿವಾಸಿಗಳ ಮೊಕದ್ದಮೆ. 2021ರ ಜೂನ್ 29ರಂದು ಬ್ರಿಟಿಷ್ ಕೊಲಂಬಿಯಾದ ಸುಪ್ರೀಂ ಕೋರ್ಟ್, ಒಂದರ ಮೇಲೊಂದು ಅನುಮತಿ ಕೊಡುತ್ತ ಹೋಗಿ ಆ ಜನರ ಒಪ್ಪಂದದ ಹಕ್ಕನ್ನು ಪ್ರಾಂತ್ಯ ಉಲ್ಲಂಘಿಸಿದೆ ಎಂದು ತೀರ್ಪಿತ್ತಿತು. ಬೇಟೆಯಾಡಿ, ಮೀನು ಹಿಡಿದು ಬದುಕುವ ಅವರ ನೆಲವನ್ನು ರಸ್ತೆ, ಬಾವಿ, ಕೊಳವೆಗಳು ತುಂಡುತುಂಡು ಮಾಡಿದ್ದವು. ಒಂದೊಂದು ಬಾವಿಯನ್ನು ಬಿಡಿಯಾಗಿ ನೋಡಿದರೆ ಸಣ್ಣದು; ಒಟ್ಟಿಗೆ ನೋಡಿದರೆ ಅಖಂಡವಾದ ಕಾಡು ಹೆಚ್ಚು ಉಳಿದಿರಲಿಲ್ಲ. ಆ ಪ್ರದೇಶದಲ್ಲಿ ಹೊಸ ಅನುಮತಿಗಳು ಬಿಕ್ಕಟ್ಟಿಗೆ ಸಿಕ್ಕಿದವು, 2023ರ ಜನವರಿಯಲ್ಲಿ ಪ್ರಾಂತ್ಯಕ್ಕೂ ಅವರಿಗೂ ಹೊಸ ಒಪ್ಪಂದವಾದ ಮೇಲಷ್ಟೇ ದಾರಿ ಬಿಟ್ಟಿತು. ಈ ನಡುವೆ ಕೆಲವು ಕಂಪನಿಗಳು ಹಣವನ್ನು ಗಡಿಯಾಚೆಯ ಆಲ್ಬರ್ಟಾಕ್ಕೆ ತಿರುಗಿಸಿದವು. ಶಿಲಾಸ್ತರ ಅದೇ ಮಾಂಟ್ನಿ. ಬಾವಿ ಮಾತ್ರ ಒಂದು ಪ್ರಾಂತ್ಯದ ಸಾಲಿನಿಂದ ಇನ್ನೊಂದರ ಸಾಲಿಗೆ ಹೋಯಿತು. ಅಂದಾಜು ಮಾಡುವವರು ಆ ತೀರ್ಪನ್ನು ಬರೀ ಅಡಚಣೆ ಎಂದು ಬರೆದದ್ದು ನನಗೆ ಸರಿಕಾಣಲಿಲ್ಲ. ಆ ಜನ ತಮ್ಮ ನೆಲದ ಲೆಕ್ಕವನ್ನು ಅಂದಾಜುಗಾರರಿಗಿಂತ ಸರಿಯಾಗಿ ಇಟ್ಟಿದ್ದರು.

ಹಾಗಾದರೆ ನಂಬಬಹುದೇ? 2014ರ ಶರತ್ಕಾಲದಲ್ಲಿ ಕೆನಡಾದ ಪೆಟ್ರೋಲಿಯಂ ಸೇವಾ ಸಂಸ್ಥೆಗಳ ಸಂಘ (2022ರಲ್ಲಿ ಎನ್ಸರ್ವಾ ಎಂದು ಹೆಸರು ಬದಲಿಸಿಕೊಂಡಿತು) 2015ಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬಾವಿಗಳನ್ನು ಅಂದಾಜು ಮಾಡಿತ್ತು. ನವೆಂಬರ್ 27ರಂದು ವಿಯೆನ್ನಾದಲ್ಲಿ ಸೇರಿದ ಒಪೆಕ್ ದೇಶಗಳು ಉತ್ಪಾದನೆ ಇಳಿಸುವುದಿಲ್ಲ ಎಂದುಬಿಟ್ಟವು. ಜೂನ್‌ನಲ್ಲಿ 100 ಡಾಲರ್ ದಾಟಿದ್ದ ತೈಲ ಜನವರಿಯಲ್ಲಿ 50ರ ಕೆಳಗೆ ಬಂತು. ಆ ವರ್ಷ ಕೊರೆದದ್ದು ಅಂದಾಜಿನ ಅರ್ಧದ ಆಸುಪಾಸು. ಆದರೆ ಬೆಲೆ ಹೋದ ದಾರಿಯಲ್ಲೇ ಬಾವಿಗಳು ಮರಳಿ ಬಂದವೇ? ಇಲ್ಲ. 2022ರಲ್ಲಿ ತೈಲ ಮತ್ತೆ ನೂರು ಡಾಲರ್ ದಾಟಿದಾಗ ಬಾವಿಗಳು 2014ರ ಅರ್ಧದಷ್ಟೇ ಇದ್ದವು. ಸುಟ್ಟುಕೊಂಡ ಕಂಪನಿಗಳು ಬಂದ ಹಣದಲ್ಲಿ ಸಾಲ ತೀರಿಸಿದವು, ಷೇರುದಾರರಿಗೆ ಹಂಚಿದವು. ಬಿಟ್ಟುಹೋದ ಕೆಲಸಗಾರರಲ್ಲಿ ಬಹಳ ಮಂದಿ ರಿಗ್‌ಗೆ ಹಿಂತಿರುಗಲಿಲ್ಲ. ಹಳೆಯ ಬೆಲೆಗೂ ಹಳೆಯ ಬಾವಿಗೂ ಇದ್ದ ನಂಟನ್ನು ಹಿಡಿದು ಮುಂದಿನದನ್ನು ಹೇಳುವ ಸೂತ್ರಗಳು ಆಗ ಕೈಕೊಟ್ಟವು.

ನನ್ನ ಅನುಭವದ ಅಳತೆ ಇದು. ನವೆಂಬರ್‌ನಲ್ಲಿ ಬಂದ ಅಂದಾಜನ್ನು ಮಾರ್ಚ್‌ವರೆಗೆ ಧೈರ್ಯವಾಗಿ ನಂಬಬಹುದು. ಅಷ್ಟು ಹೊತ್ತಿಗೆ ಬಜೆಟ್ ಮಂಜೂರಾಗಿರುತ್ತದೆ, ಪರವಾನಗಿ ಕೈಯಲ್ಲಿರುತ್ತದೆ, ರಿಗ್ ಬುಕ್ ಆಗಿರುತ್ತದೆ. ಜೂನ್ ನಂತರದ್ದು ಊಹೆ. ಕಂಡೆನ್ಸೇಟ್ ವಲಯಗಳ ಅಂದಾಜು ಹೆಚ್ಚು ಕದಲುವುದಿಲ್ಲ, ಸಸ್ಕ್ಯಾಚೆವಾನ್‌ನದು ಗಾಳಿಪಟ.

ದಾವಣಗೆರೆಯ ಆ ತಂದೆಗೆ ನಾನು ಹೇಳಿದ್ದೂ ಇದನ್ನೇ. ದೇಶದ ಒಟ್ಟು ಸಂಖ್ಯೆ ನಿಮಗೆ ಬೇಡ. ಅವನ ರಿಗ್ ಕಾಕ್ವಾ ಕಡೆ ಇದೆಯೋ ಕಿಂಡರ್ಸ್ಲಿ ಕಡೆ ಇದೆಯೋ, ಬ್ರೇಕ್‌ಅಪ್ ಮುಗಿದ ಮೇಲೆ ಜೂನ್‌ಗೆ ಅದಕ್ಕೆ ಬುಕಿಂಗ್ ಇದೆಯೋ ಎಂದು ಕೇಳಿ. ಏಪ್ರಿಲ್, ಮೇ ತಿಂಗಳ ಮನೆ ಬಾಡಿಗೆಯನ್ನು ಈಗಲೇ ತೆಗೆದಿಟ್ಟಿದ್ದಾನೆಯೇ ಎಂದೂ ಕೇಳಿ.