ಪ್ಯಾಕೆಟ್ ಮೇಲೆ ಒಂದೇ ಮಾತು ಬರೆಯೋದಾದ್ರೆ ಯಾವುದು?

ಪ್ರಶ್ನೆ: ನಾನು, ನಮ್ಮ ಅತ್ತೆ ಸೇರಿ ಧಾರವಾಡದಲ್ಲಿ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಮಾಡಿ ಮಾರುತ್ತೇವೆ. ಪ್ಯಾಕೆಟ್ ಮೇಲೆ ‘ಶುದ್ಧ, ರುಚಿಕರ, ಆರೋಗ್ಯಕರ’ ಎಂದು ಹಾಕಿಸಿದ್ದೇವೆ. ತಿಂದವರು ಚೆನ್ನಾಗಿದೆ ಅಂತಾರೆ, ಆದರೆ ಹೆಸರು ನೆನಪಿಟ್ಟು ಕೇಳುವವರಿಲ್ಲ. ಏನು ಬರೆಯಬೇಕು?

ಉತ್ತರ: ಅಂಗಡಿಗೆ ಹೋಗಿ ಪಕ್ಕದ ಪ್ಯಾಕೆಟ್ ತಿರುಗಿಸಿ ನೋಡಿ. ಅದರ ಮೇಲೂ ಇದೇ ಮೂರು ಪದ ಇರುತ್ತವೆ, ಅಲ್ವಾ? ಇನ್ನು ‘ಶುದ್ಧ’ ಎಂಬುದಕ್ಕೆ ಕಾನೂನಿನ ತೊಡಕೂ ಇದೆ. ಆಹಾರದ ಜಾಹೀರಾತು ಕುರಿತ ಎಫ್‌ಎಸ್‌ಎಸ್‌ಎಐನ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ) 2018ರ ನಿಯಮದ ಪ್ರಕಾರ, ಏನೂ ಬೆರೆಸದ ಒಂದೇ ಪದಾರ್ಥದ ಆಹಾರಕ್ಕೆ ಮಾತ್ರ ಆ ಪದ ಸಲ್ಲುತ್ತದೆ. ಖಾರ, ಬೆಳ್ಳುಳ್ಳಿ, ಉಪ್ಪು ಸೇರಿದ ಚಟ್ನಿಪುಡಿಗೆ ಸಲ್ಲದು.

ನಾನು ಹೊಸ ಆಹಾರ ವ್ಯಾಪಾರದವರನ್ನು ಮೊದಲು ಕೇಳುವುದು ಇದನ್ನೇ: ಬೇರೆಯವರು ಬಿಟ್ಟಿರುವ ಯಾವ ಕಷ್ಟವನ್ನು ನೀವು ಇನ್ನೂ ಪಡುತ್ತಿದ್ದೀರಿ? 2005ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಡಿ ಫ್ರೆಶ್ ಮೊದಲು ಮಾರಿದ್ದು ಇಡ್ಲಿ-ದೋಸೆ ಹಿಟ್ಟು. ಪ್ರಿಸರ್ವೇಟಿವ್ ಹಾಕುವುದಿಲ್ಲ ಎಂಬುದು ಅವರ ಮಾತು. ಹೇಳೋದು ಸುಲಭ. ಆದರೆ ಅಂಥ ಹಿಟ್ಟು ಫ್ರಿಜ್‌ನಲ್ಲೂ ಕೆಲವೇ ದಿನ ಉಳಿಯುತ್ತದೆ. ಅಂಗಡಿಗಳಿಗೆ ಮತ್ತೆ ಮತ್ತೆ ತಾಜಾ ಮಾಲು ಮುಟ್ಟಿಸಬೇಕು, ಉಳಿದದ್ದರ ನಷ್ಟ ಹೊರಬೇಕು. ಇಷ್ಟು ಖರ್ಚಿರುವ ಮಾತನ್ನು ಇನ್ನೊಬ್ಬರು ಸುಮ್ನೆ ಕದಿಯಲು ಆಗುವುದಿಲ್ಲ.

ನಿಮ್ಮ ಶೇಂಗಾ ಪುಡಿಯನ್ನೇ ನೋಡೋಣ. ಅತ್ತೆಯವರು ಈಗಲೂ ಒಳ್ಳಿನಲ್ಲಿ ಕುಟ್ಟುತ್ತಾರಾ? ಹಾಗಿದ್ದರೆ ಮಾತು ಸಿಕ್ಕಿತು. ಮಿಕ್ಸರ್‌ನಲ್ಲಿ ಸ್ವಲ್ಪ ಜಾಸ್ತಿ ತಿರುಗಿಸಿದರೂ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹದವಾಗಿ ಕುಟ್ಟಿದ್ದು ತರಿತರಿಯಾಗಿ ಉಳಿಯುತ್ತದೆ, ರೊಟ್ಟಿ ಮೇಲೆ ಮೊಸರು ಹಾಕಿ ಕಲಸಿದರೂ ಹಲ್ಲಿಗೆ ಸಿಗುತ್ತದೆ. ‘ಒಳ್ಳಿನಲ್ಲಿ ಕುಟ್ಟಿದ ಶೇಂಗಾ ಚಟ್ನಿ’. ಇಷ್ಟೇ ಸಾಕು, ದೊಡ್ಡ ಅಕ್ಷರದಲ್ಲಿ. ಮಿಕ್ಸರ್ ಬಳಸುತ್ತಿದ್ದರೆ ಮಾತ್ರ ಇದನ್ನು ದಯವಿಟ್ಟು ಬರೆಯಬೇಡಿ. ಆಗ ಮೆಣಸಿನಕಾಯಿ ಎಲ್ಲಿಯದು, ಹುರಿಯುವುದು ಹೇಗೆ, ಎಷ್ಟು ದಿನಕ್ಕೊಮ್ಮೆ ಮಾಡುತ್ತೀರಿ, ಅಲ್ಲಿ ಹುಡುಕಿ.

ಎರಡನೇ ಸಲ ಕೊಳ್ಳಲು ಬಂದವರನ್ನೂ ಮಾತಾಡಿಸಿ. ‘ಹೇಗಿತ್ತು’ ಅಂದರೆ ಚೆನ್ನಾಗಿತ್ತು ಅನ್ನುತ್ತಾರೆ, ಅದರಿಂದ ಉಪಯೋಗವಿಲ್ಲ. ‘ಯಾವುದರ ಜೊತೆ ತಿಂದ್ರಿ, ಮನೆಯಲ್ಲಿ ಯಾರು ಖಾಲಿ ಮಾಡಿದ್ರು’ ಎಂದು ಕೇಳಿ. ‘ಮಗನ ಹಾಸ್ಟೆಲ್‌ಗೆ ಕಳಿಸಿದೆ’ ಎಂದು ನಾಲ್ಕಾರು ಜನ ಹೇಳಿದರೆ, ಯಾರಿಗೆ ಮಾರುತ್ತಿದ್ದೀರಿ ಎಂಬುದೂ ತಿಳಿದ ಹಾಗೆ.

ಮೂರೂ ಪುಡಿಗೆ ಬೇರೆ ಬೇರೆ ಹೊಗಳಿಕೆ ಬೇಡ. ಶೇಂಗಾ ಮುಂದಿರಲಿ, ಉಳಿದೆರಡು ಅದರ ಹೆಸರಿನಲ್ಲೇ ಮಾರಾಟವಾಗುತ್ತವೆ. ಮತ್ತೆ, ಪ್ರಿಂಟ್ ಮಾಡಿದ ಪೌಚ್‌ಗೆ ಈಗಲೇ ಆರ್ಡರ್ ಕೊಡಬೇಡಿ. ಸಾವಿರಗಟ್ಟಲೆ ಮಾಡಿಸಿದ ಮೇಲೆ ಮಾತು ಬದಲಿಸಲು ಮನಸ್ಸು ಬರುವುದಿಲ್ಲ. ಸಾದಾ ಪೌಚ್ ಮೇಲೆ ಸ್ಟಿಕ್ಕರ್ ಅಂಟಿಸಿ ಒಂದೆರಡು ತಿಂಗಳು ಮಾರಿ ನೋಡಿ.